ಗುಮ್ಮಟದ ವಾಸನೆ

ವಿಜಯಪುರದ ಜನಕ್ಕೆ ಗುಮ್ಮಟ ಹೊಸದೇನಲ್ಲ. ಆದರೆ ಸಿಂದಗಿ ರಸ್ತೆಯ ಬರಡು ನೆಲದಲ್ಲಿ ಹಿಮಗಿರಿ ವಿದ್ಯಾಪೀಠದವರು ಎಬ್ಬಿಸಿದ ಗಾಜಿನ ಗುಮ್ಮಟದ ಮುಂದೆ ಹಳೆಯದು ಮಗುಚಿಟ್ಟ ಬಟ್ಟಲಿನಷ್ಟು ಕಾಣುತ್ತಿತ್ತು. ಹಳೆಯದರಲ್ಲಿ ಸುಲ್ತಾನನೊಬ್ಬ ಮಲಗಿದ್ದಾನೆ. ಹೊಸದರಲ್ಲಿ ಪಾಠ ಕೇಳಿ ದಣಿದ ವಿದ್ಯಾರ್ಥಿಗಳು ಮಲಗಲೆಂದು ಇನ್ನೂರು ತೂಗುಮಂಚಗಳಿದ್ದವು. ಊರಿನಲ್ಲಿ ನಲವತ್ತನಾಲ್ಕು ಡಿಗ್ರಿ ಬಿಸಿಲು ನೆತ್ತಿ ಸುಡುವಾಗ ಗುಮ್ಮಟದೊಳಗೆ ಹದಿನೆಂಟು ಡಿಗ್ರಿ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಮಂಜು, ಸಂಜೆಗೆ ತಂಗಾಳಿ, ನಡುವೆ ಒಂದು ಕೆರೆ, ಕೆರೆಯಲ್ಲಿ ಬಾತುಕೋಳಿ. ಇದಕ್ಕೂ ಓದಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಕಾಲೇಜಿನವರು ಒಂದು ಪುಸ್ತಿಕೆ ಕೊಡುತ್ತಿದ್ದರು. ಅದರ ಕೊನೆಯ ಪುಟದಲ್ಲಿ ಶುಲ್ಕದ ಪಟ್ಟಿ ಇರುತ್ತಿತ್ತು. ಅದನ್ನು ಓದಿದವರು ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ.

ಆ ಮಂಜು ಬಿಡುತ್ತಿದ್ದವನು ಶಂಕ್ರೆಪ್ಪ ಕುಂಬಾರ. ಗುಮ್ಮಟದ ಹವಾ ನಿಯಂತ್ರಣ ಕೊಠಡಿಯಲ್ಲಿ ಹನ್ನೆರಡು ವರ್ಷದಿಂದ ಗುತ್ತಿಗೆ ನೌಕರ. ಅವನ ಮುಂದೆ ಹದಿನಾರು ಪರದೆ, ಕೈಕೆಳಗೆ ನಲವತ್ತು ಗುಂಡಿ. ಮಂಜಿಗೊಂದು, ತಂಗಾಳಿಗೊಂದು, ದೇವದಾರು ಮರದ ವಾಸನೆಗೊಂದು. ಈ ವಾಸನೆಯನ್ನು ಕಾಲೇಜಿನವರು ದುಡ್ಡು ಸುರಿದು ಮಾಡಿಸಿದ್ದರು. ಬಟ್ಟೆಗೆ, ಕೂದಲಿಗೆ, ಮೈಗೆ ಅಂಟಿದರೆ ವಾರಗಟ್ಟಲೆ ಬಿಡುವುದಿಲ್ಲ. ಮಗ ಮನೆಗೆ ಬಂದಾಗ ತಂದೆತಾಯಿಗೆ ಘಮ್ಮೆಂದು ಹೊಡೆಯಬೇಕು, ಕೊಟ್ಟ ದುಡ್ಡು ಸಾರ್ಥಕವಾಯಿತು ಅನ್ನಿಸಬೇಕು ಎಂಬ ಲೆಕ್ಕ.

ಹೊಸ ಸೌಲಭ್ಯ ಬಂದಾಗಲೆಲ್ಲ ಅವನ ಮುಂದೆ ಹೊಸದೊಂದು ಗುಂಡಿ ಬರುತ್ತಿತ್ತು, ಶುಲ್ಕದ ಪಟ್ಟಿಯಲ್ಲಿ ಹೊಸದೊಂದು ಸಾಲು. ಈ ವರ್ಷ ಬಂದದ್ದು ಹಿಮ. ಮೊದಲ ದಿನ ಹೊಸ ವಿದ್ಯಾರ್ಥಿಗಳ ಮೇಲೆ ಐದು ನಿಮಿಷ ಹಿಮ ಸುರಿಸಬೇಕಂತೆ.

"ಐದು ಮಿನಿಟಿಗೆ ಮೂವತ್ತು ಸಾವಿರ ಲೀಟರ್ ನೀರು," ಎಂದ ಪಂಪು ನೋಡಿಕೊಳ್ಳುವ ಇಮ್ತಿಯಾಜ ಮುಜಾವರ. "ನಮ್ಮ ಓಣಿಗೆ ಎಂಟ ದಿನಕ್ಕೊಮ್ಮೆ ನಳ ಬರ್ತೈತಿ, ಅದೂ ಉಚ್ಚಿ ಹೊಯ್ದಂಗ."

"ಆ ನೀರು ಎಲ್ಲಿಂದ ಬರ್ತೈತಿ ಅನ್ನೋದನ್ನ ಕಲೀಬೇಕು ಅಂತಾಳ ನನ್ನ ಮಗಳು," ಎಂದ ಶಂಕ್ರೆಪ್ಪ.

ಮಗಳು ಸುಗಲಾ. ಏಳನೆಯ ಇಯತ್ತೆಯಲ್ಲಿ ಶಾಲೆಯವರು ಸುರಂಗ ಬಾವಿ ತೋರಿಸಲು ಕರೆದುಕೊಂಡು ಹೋಗಿದ್ದರು. ಬಾದಶಹರ ಕಾಲದಲ್ಲಿ ನೆಲದಡಿಯಿಂದ ಇಡೀ ಊರಿಗೆ ನೀರು ಹರಿಸಿದ ಸುರಂಗ ಅದು. ಮಗಳು ಅದರೊಳಗೆ ಇಳಿದವಳು ಇನ್ನೂ ಮೇಲೆ ಬಂದಿಲ್ಲ ಎಂದು ಅವಳ ತಾಯಿ ಬೌರವ್ವ ನಗೆಯಾಡುತ್ತಿದ್ದಳು. ಅಂತರ್ಜಲ ವಿಜ್ಞಾನವನ್ನೇ ಓದಬೇಕೆಂಬುದು ಸುಗಲಾಳ ಹಟ. ಆ ವಿಭಾಗ ಸರಕಾರಿ ಕಾಲೇಜಿನಲ್ಲಿ ಮುಚ್ಚಿಹೋಗಿತ್ತು. ಜಿಲ್ಲೆಗೆ ಉಳಿದದ್ದು ಗುಮ್ಮಟದೊಳಗಿನದು ಒಂದೇ. ಪ್ರವೇಶ ಪರೀಕ್ಷೆಯಲ್ಲಿ ಅವಳಿಗೆ ಮೂರನೆಯ ಸ್ಥಾನ ಬಂತು. ಸೀಟು ಸಿಕ್ಕಿತು. ಶುಲ್ಕಕ್ಕೆ ನೆರವು ಸಿಕ್ಕರೆ ಓದು, ಇಲ್ಲದಿದ್ದರೆ ಇಲ್ಲ.

ನೆರವು ಯಾರಿಗೆ ಕೊಡಬೇಕೆಂದು ಮೊದಲು ಆದಾಯದ ಪ್ರಮಾಣಪತ್ರ ನೋಡುತ್ತಿದ್ದರು. ಕಾರಿನಲ್ಲಿ ಬಂದಿಳಿದವರೂ ಕಡುಬಡವರೆಂಬ ಪತ್ರ ತರತೊಡಗಿದ ಮೇಲೆ ಆ ಕಾಗದದ ಮಾನ ಹೋಯಿತು. ಆಗ ಬಂದದ್ದು ಗೃಹವಾಯು ಮಾಪಕ. ಜನ ಅದನ್ನು ಮೂಗು ಎಂದು ಕರೆದರು. ಬುತ್ತಿಡಬ್ಬಿಯಷ್ಟು ಪೆಟ್ಟಿಗೆ. ಅದರೊಳಗೆ ಕೂದಲಿಗಿಂತ ತೆಳುವಾದ ಸಾವಿರಾರು ಎಳೆಗಳು, ಒಂದೊಂದು ಎಳೆಗೂ ಒಂದೊಂದು ವಾಸನೆ ಗೊತ್ತು. ಹದಿನೈದು ದಿನ ಗೋಡೆಯ ಮೇಲೆ ಕೂತು ನಾಲ್ಕು ಗೋಡೆಯೊಳಗಿನ ಗಾಳಿಯನ್ನು ಮೂಸುತ್ತದೆ. ತಾಳೆ ಎಣ್ಣೆಯೋ ತುಪ್ಪವೋ, ಯಾವ ಸಾಬೂನು, ಎಷ್ಟು ಧೂಳು, ಉಸಿರು ಎಷ್ಟು ಜನರದು, ಅದರಲ್ಲಿ ಗಂಡಸರೆಷ್ಟು ಹೆಂಗಸರೆಷ್ಟು, ಎಲ್ಲ ತಿಳಿದು ಕೊನೆಗೆ ಬಡತನಕ್ಕೆ ನೂರಕ್ಕೆ ಇಷ್ಟು ಎಂದು ಒಂದು ಅಂಕ ಕೊಡುತ್ತದೆ. ಅರವತ್ತು ದಾಟಿದರೆ ನೆರವು. ಕಾಗದ ಸುಳ್ಳು ಹೇಳಬಹುದು, ಗಾಳಿ ಹೇಳುವುದಿಲ್ಲ ಎಂದು ಅದರ ಮೇಲೆ ಬರೆದಿತ್ತು.

ಕುಂಬಾರ ಓಣಿಯ ಆ ಒಂದೂವರೆ ಖೋಲಿಯ ಮನೆಗೆ ಮೂಗು ಬಂದ ದಿನ ಬೌರವ್ವ ನೆಲ ಸಾರಿಸಿ ಕಾದಿದ್ದಳು. ಕಾಲೇಜಿನ ಮನುಷ್ಯ ಪೆಟ್ಟಿಗೆಯನ್ನು ಬಾಗಿಲ ಪಕ್ಕದ ಗೋಡೆಗೆ ಜಡಿದು ಹೋದ. ಅವನು ಓಣಿ ದಾಟುವ ಮೊದಲೇ ಬೌರವ್ವ ಪೆಟ್ಟಿಗೆಗೆ ವಿಭೂತಿ ಎಳೆದು, ಕುಂಕುಮ ಹಚ್ಚಿ, ಕೆಳಗೆ ದೀಪ ಇಟ್ಟಳು. ಹೊಸ ಹೊಲಿಗೆ ಯಂತ್ರ ಬಂದಾಗ ಮಾಡಿದ್ದಳು, ಸೈಕಲ್ ಬಂದಾಗ ಮಾಡಿದ್ದಳು, ಇದಕ್ಕೆ ಮಾಡದೆ ಬಿಡುತ್ತಾಳೆಯೆ?

"ಯವ್ವಾ, ಅದು ದೇವರಲ್ಲ," ಎಂದಳು ಸುಗಲಾ.

"ನಿನ್ನ ನಸೀಬು ಅದರಾಗ ಕುಂತೈತಿ. ದೇವರಾದರೇನು, ಡಬ್ಬಿ ಆದರೇನು. ನಮ್ಮ ಮನಿಗೆ ಬಂದದ್ದನ್ನ ನಾವು ಒಣಾ ಗ್ವಾಡಿಗೆ ಕುಂಡ್ರಸೂದಿಲ್ಲ."

ದೀಪಕ್ಕೆ ದಿನದ ಎಣ್ಣೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಹಬ್ಬಕ್ಕೆಂದು ಎತ್ತಿಟ್ಟ ತುಪ್ಪದ ಶೀಸೆ ಇಳಿಸಿದಳು. ಅದು ಮುಗಿದಾಗ ಪಕ್ಕದ ಮನೆಯ ಗಂಗವ್ವನಿಂದ ಒಂದು ಬಟ್ಟಲು ಕಡ ತಂದಳು. ಹದಿನೈದು ದಿನ, ಎರಡು ಹೊತ್ತು, ಮನೆಯವರು ಒಣರೊಟ್ಟಿಗೆ ಖಾರದ ಪುಡಿ ಕಲಸಿಕೊಂಡು ತಿಂದರು, ಮೂಗಿನ ಮುಂದೆ ತುಪ್ಪ ಉರಿಯಿತು. ಶಂಕ್ರೆಪ್ಪನೂ ಬೇಡವೆನ್ನಲಿಲ್ಲ. ಸಂಜೆ ಬಂದು ಸಮವಸ್ತ್ರದ ಅಂಗಿ ಬಿಚ್ಚಿ ಯಾವಾಗಲೂ ತೂಗುಹಾಕುವ ಮೊಳೆಗೆ ತೂಗುಹಾಕಿ, ಪೆಟ್ಟಿಗೆಗೆ ಕೈಮುಗಿದು ಊಟಕ್ಕೆ ಕೂಡುತ್ತಿದ್ದ. ಮೊಳೆ ಇದ್ದದ್ದು ಪೆಟ್ಟಿಗೆಯ ನೇರ ಮೇಲೆ.

ಹದಿನಾರನೆಯ ದಿನ ಅವನನ್ನು ಗುಮ್ಮಟದೊಳಗಿನ ನೆರವು ಕೇಂದ್ರಕ್ಕೆ ಕರೆದರು. ಅಲ್ಲಿಯ ಅಧಿಕಾರಿ ವೈಜಯಂತಿ ಕಟಗೇರಿ ಮೂವತ್ತರ ಒಳಗಿನ ಹುಡುಗಿ. ಶಾಲು ಹೊದ್ದು, ಮೂಗು ಒರೆಸಿಕೊಳ್ಳುತ್ತ ಕೂತಿದ್ದಳು.

"ಬರ್ರಿ ಶಂಕ್ರೆಪ್ಪನವರ. ಹವಾ ನಿಮ್ಮ ಕೈಯಾಗ ಅದ ಅಂತಲ್ಲ, ಈ ಥಂಡಿ ಒಂದೀಟು ಕಡಿಮಿ ಮಾಡ್ರಿ."

"ಗುಂಡಿ ಅಷ್ಟ ನನ್ನ ಕೈಯಾಗ ಅದಾವ್ರೀ ಮೇಡಂ. ಎಷ್ಟಿರಬೇಕು ಅನ್ನೋದು ಮ್ಯಾಲಿನವರ ಕೈಯಾಗೈತಿ."

"ನಂದೂ ಹಂಗ ಅದ," ಎಂದು ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಅಂಕ ಇಪ್ಪತ್ತೆರಡು.

ಶಂಕ್ರೆಪ್ಪ ಅದು ಬೇರೆ ಯಾರದೋ ಮನೆಯದೆಂದುಕೊಂಡ. ಮನೆ ಅವನದೇ. ತುಪ್ಪ, ದಿನಕ್ಕೆ ಎರಡು ಹೊತ್ತು, ಶ್ರೀಮಂತ ಆಹಾರಪದ್ಧತಿ ಎಂದು ಬರೆದಿತ್ತು. ಕೆಳಗೆ ಕೆಂಪಕ್ಷರದಲ್ಲಿ, ದೇವದಾರು ಮಿಶ್ರಿತ ಶೀತಲ ಹವೆ, ದಿನಕ್ಕೆ ಹದಿನಾಲ್ಕು ಗಂಟೆ, ಖಾಸಗಿ ಹವಾಸೌಲಭ್ಯ ಇರುವ ಸಂಭವ.

"ಮೇಡಂ, ನಮ್ಮದು ತಗಡಿನ ಮನಿ. ಒಂದು ಟೇಬಲ್ ಫ್ಯಾನ್ ಐತಿ, ಅದೂ ಕುತ್ತಿಗಿ ತಿರಗಸೂದಿಲ್ಲ. ತುಪ್ಪ ದೀಪಕ್ಕ ಹಚ್ಚಿದ್ದು. ಈ ಹವಾ ಇಲ್ಲೀದು, ನನ್ನ ಅಂಗೀದು. ನೀವ ಕೊಟ್ಟ ಅಂಗಿ, ನೀವ ಹೊಡಸೋ ವಾಸನಿ."

ವೈಜಯಂತಿಗೆ ನಗು ಬರುವಂತಾಯಿತು, ಆಮೇಲೆ ಬರಲಿಲ್ಲ. "ನನಗ ಗೊತ್ತಾಗ್ತದರೀ. ವಿದ್ಯಾರ್ಥಿ ಮೈಮ್ಯಾಲ ಈ ವಾಸನಿ ಬಂದ್ರ ಅದನ್ನ ಲೆಕ್ಕದಾಗಿಂದ ಕಳೀಲಿಕ್ಕೆ ಡಬ್ಬಿಯಾಗ ಗುಂಡಿ ಅದ. ನೌಕರರಿಗೆ ಇಲ್ಲ. ನೌಕರರ ಮಕ್ಕಳು ಇಲ್ಲಿ ಓದಲಿಕ್ಕೆ ಬರ್ತಾರ ಅಂತ ಇದನ್ನ ಮಾಡಿದವರಿಗೆ ಅನಸೇ ಇಲ್ಲ."

"ನೀವು ನನ್ನ ಪಗಾರದ ಚೀಟಿ ನೋಡ್ರಲ್ಲ. ಅದನ್ನ ಕೊಡೋರು ನೀವ ಅದೀರಿ."

"ಕಾಗದ ನೋಡೂಹಂಗಿಲ್ಲರೀ ಈಗ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿದೆ. ಇಲ್ಲಿ ಪೂಜಾರಿಗೆ ಕೊಡುವ ಮನಸ್ಸಿತ್ತು, ದೇವರೆಂಬ ಡಬ್ಬಿಯೇ ಒಲ್ಲೆ ಎನ್ನುತ್ತಿತ್ತು. ಹನ್ನೆರಡು ವರ್ಷ ತನಗೆ ಪಗಾರ ಕೊಟ್ಟ ಸಂಸ್ಥೆಗೆ ತನ್ನ ಪಗಾರ ಎಷ್ಟೆಂದು ಹೇಳಿ ನಂಬಿಸಲಾರದೆ ಶಂಕ್ರೆಪ್ಪನಿಗೆ ಮೈಯೆಲ್ಲ ಉರಿಯಿತು, ಆ ಹದಿನೆಂಟು ಡಿಗ್ರಿಯಲ್ಲೂ. ಒಂದೇ ಒಂದು ಮರುಮಾಪನಕ್ಕೆ ಅವಕಾಶವಿತ್ತು. ಅರ್ಜಿಗೆ ಸಹಿ ಹಾಕಿ ಎದ್ದ.

ಮನೆಯಲ್ಲಿ ವಿಷಯ ಕೇಳಿ ಬೌರವ್ವ ದೀಪದ ಪಣತಿ ಎತ್ತಿ ಹಿತ್ತಲಿಗೆ ಒಯ್ದು ಕವುಚಿಟ್ಟಳು.

"ಕೈಯಾರೆ ಮಗಳ ಓದಿಗೆ ಬೆಂಕಿ ಹಚ್ಚಿದೆ," ಎಂದಳು.

"ದೀಪದ್ದು ಬಿಡು. ದೀಪ ಆರಿಸಬಹುದು. ನನ್ನ ಅಂಗೀಗೆ ಏನ್ ಮಾಡೂಣು?" ಎಂದ ಶಂಕ್ರೆಪ್ಪ.

ಅಂಗಿಗೆ ಸೀಗೆಪುಡಿ ಹಾಕಿದರು. ನಿಂಬೆಹಣ್ಣು ಉಜ್ಜಿದರು. ಬಿಸಿಲಿಗೆ ಮೂರು ದಿನ ಒಣಹಾಕಿದರು. ಅವನು ಅದನ್ನು ಮೊಳೆಗೆ ಹಾಕದೆ ಹೊರಗಿನ ಬೇವಿನ ಮರಕ್ಕೆ ತೂಗುಹಾಕಿ ಬರೀ ಬನಿಯನ್ನಿನಲ್ಲಿ ಒಳಗೆ ಬಂದ. ಬೌರವ್ವ ಅವನ ಹೆಗಲ ಹತ್ತಿರ ಮುಖ ತಂದು ಮೂಸಿದಳು.

"ಅಂಗಿ ಅಲ್ಲರೀ. ನಿಮ್ಮ ಮೈಯಾಗ ಹೊಕ್ಕೈತಿ."

ಹನ್ನೆರಡು ವರ್ಷದ್ದು ಸೀಗೆಪುಡಿಗೆ ಹೋಗುತ್ತದೆಯೆ? ಕೆಲಸ ಬಿಡೋಣವೆಂದರೆ ಮೂರು ಹೊಟ್ಟೆಗೆ ಅದೊಂದೇ ದಾರಿ. ಮೂಗು ಮತ್ತೆ ಬರುವ ಹಿಂದಿನ ದಿನ ಶಂಕ್ರೆಪ್ಪ ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿಕೊಂಡು ಇಮ್ತಿಯಾಜನ ಮನೆಯ ಮಾಳಿಗೆ ಖೋಲಿಗೆ ಹೋದ.

"ಏ ಶಂಕ್ರೆಪ್ಪಣ್ಣಾ, ಬಡವ ಅನ್ನಿಸಿಕೊಳ್ಳಾಕೂ ಮನಿ ಬಿಡಬೇಕಾತಲ್ಲೋ," ಎಂದ ಇಮ್ತಿಯಾಜ, ಚಾಪೆ ಹಾಸುತ್ತ.

"ಹದಿನೈದ ದಿನದ ಮಾತು."

ಹದಿನೈದು ದಿನ ಸುಗಲಾ ಗುಮ್ಮಟದ ಹೊರಗೇಟಿಗೆ ಬುತ್ತಿ ತಂದು ಕೊಟ್ಟಳು. ಮನೆಯಲ್ಲಿ ದೀಪವಿಲ್ಲ, ಒಗ್ಗರಣೆಯಿಲ್ಲ. ಗಂಗವ್ವ ಅಭ್ಯಾಸದಂತೆ ಹೋಳಿಗೆ ಕೊಡಲು ಬಂದರೆ ಬೌರವ್ವ ಬಾಗಿಲಲ್ಲೇ ತಡೆದು ಕಟ್ಟೆಯ ಮೇಲೆ ನಿಂತು ತಿಂದಳು. ಗೇಟಿನಲ್ಲಿ ಅಪ್ಪನಿಗೆ ಅದನ್ನು ಹೇಳುವಾಗ ಸುಗಲಾಳ ಮುಖದಲ್ಲಿ ನಗೆ ಇರಲಿಲ್ಲ.

ಮತ್ತೆ ವೈಜಯಂತಿಯ ಮೇಜು, ಮತ್ತೆ ಅದೇ ಶಾಲು. ಈ ಸಲ ಅಂಕ ಎಂಬತ್ತೊಂದು.

"ಪೂರ್ತಿ ನೆರವು, ನಾಕೂ ವರ್ಷದ್ದು," ಎಂದಳು ಅವಳು. ಅಷ್ಟು ಹೇಳಿ ಅವಳು ಸಂತೋಷಪಡಲಿಲ್ಲ. ಕಾರಣದ ಸಾಲಿನ ಮೇಲೆ ಬೆರಳಿಟ್ಟಳು. ಮನೆಯಲ್ಲಿ ಎರಡು ಉಸಿರು, ಇಬ್ಬರೂ ಹೆಂಗಸರು, ದುಡಿಯುವ ಗಂಡಸಿಲ್ಲ.

ಶಂಕ್ರೆಪ್ಪ ಅದನ್ನು ಎರಡು ಸಲ ಓದಿದ. ವಾಸನೆ ಉಳಿಸಬಾರದೆಂದು ಹೋಗಿದ್ದ, ಮೂಗು ಅವನನ್ನೇ ಇಲ್ಲವಾಗಿಸಿತ್ತು.

"ನಾ ಅದೀನಲ್ರೀ," ಎಂದ.

"ನನಗ ಕಾಣಸ್ತೀರಿ. ಅದಕ್ಕ ಕಾಣಸಿಲ್ಲ. ಅದಕ್ಕ ಕಾಣದ್ದನ್ನ ನಾ ಬರಿಯೂಹಂಗಿಲ್ಲ," ಎಂದು ಅವಳು ದನಿ ತಗ್ಗಿಸಿದಳು. "ಆದ್ರ ಒಂದು ಮಾತು ಕೇಳ್ರಿ. ನೆರವು ಸಿಕ್ಕ ಮನಿಯಾಗ ಆ ಡಬ್ಬಿ ಓದು ಮುಗಿಯೂತನ ಗೋಡಿಮ್ಯಾಲ ಇರ್ತದ. ಮೂರನೇ ಉಸಿರು ಬಂತು ಅಂದ್ರ ನೆರವು ನಿಲ್ತದ, ಕೊಟ್ಟದ್ದನ್ನೂ ವಾಪಸ್ ಕೇಳ್ತಾರ."

"ಅಂದ್ರ ನಾಕು ವರ್ಷ?"

ವೈಜಯಂತಿ ಒಪ್ಪಿಗೆಯ ಅರ್ಜಿ ಅವನ ಮುಂದೆ ಸರಿಸಿ, ನಾಳೆ ಸಂಜೆಯವರೆಗೆ ಸಮಯವಿದೆ ಎಂದಳು.

ಅಂದು ಸಂಜೆ ಮೂವರೂ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತರು. ಬಾಗಿಲು ಮುಂದಕ್ಕೆ ಎಳೆದಿತ್ತು, ಒಳಗೆ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು.

"ನನಗ ಬ್ಯಾಡ," ಎಂದಳು ಸುಗಲಾ. "ಅಪ್ಪನ್ನ ಹೊರಗ ಹಾಕಿ ಓದಿದ್ದು ಓದ ಅಲ್ಲ. ನಾ ಎಲ್ಲಿಯಾರ ಅಂಗಡ್ಯಾಗ ಕೆಲಸ ಹಿಡೀತೀನಿ."

"ಅಂಗಡ್ಯಾಗ ನೀರಿನ ಸುರಂಗ ಹುಡುಕ್ತೀ ಏನು?" ಎಂದ ಶಂಕ್ರೆಪ್ಪ.

"ಇದು ಸುಳ್ಳು ಆಗ್ತೈತಿ ಅಪ್ಪಾ."

ಆಗ ಶಂಕ್ರೆಪ್ಪನ ಸಿಟ್ಟು ಕಟ್ಟೆ ಒಡೆಯಿತು. "ಸುಳ್ಳು ಯಾರು ಹೇಳ್ಯಾರ? ನಾ ಖರೇ ಹೇಳಿದಾಗ ಕೇಳಿದ್ರ? ಪಗಾರದ ಚೀಟಿ ನೋಡ್ರಿ ಅಂದೆ, ಬ್ಯಾಡ ಅಂದ್ರು. ಬಾಯಿಬಿಟ್ಟು ಹೇಳಿದೆ, ಬ್ಯಾಡ ಅಂದ್ರು. ಗಾಳಿ ಬೇಕು ಅಂದ್ರು, ಗಾಳಿ ಕೊಟ್ಟೀನಿ. ಆ ಬಾತುಕೋಳಿಗಿ ಇರೂವಷ್ಟು ಜಾಗಾ ಆ ಗುಮ್ಮಟದಾಗ ನನ್ನ ಮಗಳಿಗಿಲ್ಲ ಅಂದ್ರ ಹನ್ನೆರಡು ವರ್ಷ ನಾ ಯಾರಿಗೆ ಮಂಜು ಬಿಟ್ಟೆ?"

ಓಣಿಯ ಎರಡು ಬಾಗಿಲು ತೆರೆದು ಮುಚ್ಚಿದವು. ಸುಗಲಾ ತಲೆ ತಗ್ಗಿಸಿದಳು. ಬೌರವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಅಲ್ಲಿಯವರೆಗೆ ಏನೂ ಆಗಿಲ್ಲವೆಂಬಂತೆ ಮಾತಾಡಿದಳು.

"ಆ ಡಬ್ಬಿ ಮೂಸೂದು ನಾಕು ಗ್ವಾಡಿ ಒಳಗಿಂದು. ಈ ಕಟ್ಟಿ ಗ್ವಾಡಿ ಹೊರಗೈತಿ. ನಿಮ್ಮಪ್ಪ ಸಂಜೀಕ ಇಲ್ಲಿ ಬರ್ಲಿ, ನಾ ಇಲ್ಲೇ ರೊಟ್ಟಿ ತಂದು ಕೊಡ್ತೀನಿ. ಉಂಡು ಇಮ್ತಿಯಾಜಣ್ಣನ ಮನಿಗೆ ಹೋಗಿ ಮಲಗ್ಲಿ. ಮನಿ ಬಿಟ್ಟು ಹೋದಂಗಲ್ಲ, ಮನಿ ಒಂದು ಮೆಟ್ಟಲಾ ಕೆಳಗ ಇಳದಂಗ."

ಮರುದಿನ ಶಂಕ್ರೆಪ್ಪ ಸಹಿ ಹಾಕಿದ. ತಂದೆಯ ಹೆಸರಿನ ಜಾಗದಲ್ಲಿ ತನ್ನದೇ ಹೆಸರು ಬರೆದ. ಅದರ ಮುಂದಿನ ಚೌಕದಲ್ಲಿ, ಮನೆಯಲ್ಲಿ ವಾಸವಿಲ್ಲ ಎಂದು ಯಂತ್ರವೇ ಮೊದಲೇ ಅಚ್ಚು ಹಾಕಿತ್ತು.

ಕಾಲೇಜು ಶುರುವಾದ ದಿನ ಹೊರಗೆ ನಲವತ್ತೆರಡು ಡಿಗ್ರಿ. ಹತ್ತು ಗಂಟೆಗೆ ಹೊಸ ವಿದ್ಯಾರ್ಥಿಗಳೆಲ್ಲ ಕೆರೆಯ ದಂಡೆಗೆ ಬಂದು ನಿಂತರು. ಶಂಕ್ರೆಪ್ಪ ಹಿಮದ ಗುಂಡಿ ಒತ್ತಿದ. ಪಂಪುಗಳು ಗುಡುಗಿದವು, ಇಮ್ತಿಯಾಜ ನೀರಿನ ಮಾಪಕದ ಮುಳ್ಳು ಇಳಿಯುವುದನ್ನು ನೋಡುತ್ತ ಲೊಚಗುಟ್ಟಿದ. ಹುಡುಗ ಹುಡುಗಿಯರು ಕೂಗುತ್ತ ಅಂಗೈ ಒಡ್ಡಿದರು, ಫೋಟೊ ತೆಗೆದುಕೊಂಡರು. ಒಂಬತ್ತನೆಯ ಪರದೆಯಲ್ಲಿ ಒಬ್ಬಳು ಮಾತ್ರ ಕೈ ಒಡ್ಡದೆ ಕುತ್ತಿಗೆ ಎತ್ತಿ ಮೇಲಿನ ಕೊಳವೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು, ನೀರು ಎಲ್ಲಿಂದ ಬರುತ್ತಿದೆ ಎಂದು. ತಾಯಿ ಹೊಲಿದುಕೊಟ್ಟ ಹಳದಿ ಓಢಣಿಯ ಮೇಲೆ ಹಿಮ ಕೂಡುತ್ತಿತ್ತು.

"ನಿನ್ನ ಮಗಳು ಹೌದಲ್ಲೋ ಅಕಿ?" ಎಂದ ಇಮ್ತಿಯಾಜ.

"ಹೌದು," ಎಂದ ಶಂಕ್ರೆಪ್ಪ. ಆ ಒಂದು ಕ್ಷಣ ಅವನಿಗೆ ಎಲ್ಲ ಸಿಟ್ಟೂ ಮರೆತುಹೋಯಿತು. ಐದು ನಿಮಿಷದ ಮೇಲೆ ಅರ್ಧ ನಿಮಿಷ ಹೆಚ್ಚೇ ಹಿಮ ಬಿದ್ದಿತು.

ಸಂಜೆ ಅವನು ಕಟ್ಟೆಗೆ ಬಂದಾಗ ಬೌರವ್ವ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸುಗಲಾ ಬಂದಳು. ಚಪ್ಪಲಿ ಬಿಟ್ಟು, ಒಳಗೆ ಹೋಗದೆ ಅವನ ಮುಂದೆ ನಿಂತಳು.

"ಅಪ್ಪಾ, ಬಸ್ಸಿನಾಗ ಯೋಚನಿ ಮಾಡಿದೆ. ಇನ್ನ ಮ್ಯಾಲ ಗುಮ್ಮಟದ ವಾಸನಿ ನಂದು ಅಂತ ಹಿಡಿದು ಕಳೀತಾರ. ನಿನ್ನ ವಾಸನಿ ಅದರಾಗ ಮುಚ್ಚಿಹೋಗ್ತೈತಿ. ನೀ ಒಳಗ ಬರಬಹುದು."

ಅವಳು ಅದನ್ನು ದಾರಿಯುದ್ದಕ್ಕೂ ಹೊತ್ತು ತಂದಿದ್ದಳೆಂಬುದು ಮುಖ ನೋಡಿದರೇ ತಿಳಿಯುತ್ತಿತ್ತು.

"ವಾಸನಿ ಕಳೀತಾರವ್ವಾ," ಎಂದ ಶಂಕ್ರೆಪ್ಪ ಮೆಲ್ಲಗೆ. "ಉಸಿರು?"

ಸುಗಲಾ ಒಳಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಅವಳು ಓಢಣಿ ತೆಗೆದು ಖಾಲಿ ಬಿದ್ದಿದ್ದ ಮೊಳೆಗೆ, ಪೆಟ್ಟಿಗೆಯ ಮೇಲೆ, ತೂಗುಹಾಕಿದ್ದು ಕಟ್ಟೆಯಿಂದ ಕಾಣಿಸಿತು. ಪೆಟ್ಟಿಗೆ ಒಮ್ಮೆ ಮೂಸಿ, ಆ ವಾಸನೆಯನ್ನು ಲೆಕ್ಕದಿಂದ ಕಳೆದು, ಹಸಿರು ದೀಪ ಹಾಗೇ ಉಳಿಸಿಕೊಂಡಿತು.

ಒಲೆಯ ಹತ್ತಿರವಿದ್ದ ಬೌರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಿಟ್ಟಿನ ಕೈಯಲ್ಲೇ ಎದ್ದು ಬಂದು ಓಢಣಿಯ ಮುಂದೆ ನಿಂತು ಉಸಿರೆಳೆದುಕೊಂಡಳು.

"ಅಯ್ಯ, ಎಷ್ಟ ದಿನ ಆಗಿತ್ತು," ಎಂದಳು ಮಗಳಿಗೆ. "ನಿಮ್ಮಪ್ಪ ಮನಿಗೆ ಬಂದಂಗಾತು ನೋಡು."

ಹೊರಗೆ ಶಂಕ್ರೆಪ್ಪ ರೊಟ್ಟಿ ಮುರಿದವನು ಅದನ್ನು ಬಾಯಿಗಿಡಲಿಲ್ಲ. ತಾಟು ಪಕ್ಕಕ್ಕೆ ಸರಿಸಿ, ಅಂಗಿಯ ತೋಳನ್ನು ಮೂಗಿಗೆ ಹಿಡಿದು ನೋಡಿದ. ಹನ್ನೆರಡು ವರ್ಷದಿಂದ ಅವನಿಗೆ ಅದರ ವಾಸನೆ ಬರುತ್ತಿರಲಿಲ್ಲ, ಈಗಲೂ ಬರಲಿಲ್ಲ.